ನಡೆಯುವವರಿಗಷ್ಟೇ ಬರುವ ಬಿರುಕು

ಸೊಂಟದ ಐದನೇ ಕಶೇರುಕ ಅದು. ವೈದ್ಯರ ಭಾಷೆಯಲ್ಲಿ ಎಲ್5. ಬೆಂಗಳೂರಿನ ಒಂದು ವೈದ್ಯಕೀಯ ಕಾಲೇಜಿನ ಅಂಗರಚನಾ ವಿಭಾಗದಲ್ಲಿ ಡಬ್ಬದಿಂದ ತೆಗೆದು ಮೇಜಿನ ಮೇಲೆ ಇಟ್ಟಾಗ ಅದು ಒಂದೇ ಮೂಳೆಯಾಗಿರಲಿಲ್ಲ, ಎರಡಾಗಿತ್ತು. ಮುಂಭಾಗದ ದಪ್ಪ ದಿಮ್ಮಿ ಒಂದು ಕಡೆ, ಹಿಂಭಾಗದ ಕಮಾನು ಇನ್ನೊಂದು ಕಡೆ. ಯಾರೋ ವಿದ್ಯಾರ್ಥಿ ಬೀಳಿಸಿ ಮುರಿದಿರಬೇಕು ಎಂದೇ ಮೊದಲು ಅನ್ನಿಸುತ್ತದೆ. ಆದರೆ ಹೊಸದಾಗಿ ಮುರಿದ ಮೂಳೆಯ ಅಂಚು ಒರಟಾಗಿರುತ್ತದೆ, ಒಳಗಿನ ಜಾಲರಿ ಕಾಣುತ್ತದೆ. ಈ ಮೂಳೆಯ ಅಂಚುಗಳು ಬೆರಳಿಗೆ ನಯವಾಗಿ ಸಿಗುತ್ತಿದ್ದವು. ಒಳಗಿನ ಜಾಲರಿಯ ಮೇಲೆ ಗಟ್ಟಿ ಮೂಳೆಯ ಪದರ ಕೂತಿತ್ತು. ಎರಡೂ ತುಂಡನ್ನು ಸೇರಿಸಿ ಹಿಡಿದರೆ ಕೀಲಿನ ಹಾಗೆ ಒಂದರ ಮೇಲೊಂದು ಜಾರುತ್ತಿದ್ದವು.

ಅಂದರೆ ಆ ಬಿರುಕು ಸತ್ತ ಮೇಲೆ ಆದದ್ದಲ್ಲ. ಬದುಕಿದ್ದಾಗಲೇ, ಬಹುಮಟ್ಟಿಗೆ ಎಳೆ ವಯಸ್ಸಿನಲ್ಲೇ ಆದದ್ದು. ಆ ವ್ಯಕ್ತಿ ಬಿರುಕು ಬಿಟ್ಟ ಮೂಳೆಯ ಮೇಲೆಯೇ ಎದ್ದು, ಕೂತು, ನಡೆದು, ಭಾರ ಹೊತ್ತು, ಅಂಚುಗಳು ಸವೆದು ನಯವಾಗುವಷ್ಟು ಕಾಲ ಬಾಳಿದ್ದರು.

ಪರೀಕ್ಷೆಯಲ್ಲಿ ವಿದ್ಯಾರ್ಥಿಗಳು ಗುರುತಿಸಬೇಕಾದ ಮಾದರಿಯಾಗಿ (ಸ್ಪಾಟರ್) ಇಡಲೆಂದು ಅಧ್ಯಾಪಕರು ಇಂಥ ಮೂಳೆಯನ್ನು ಜೋಪಾನ ಮಾಡುತ್ತಾರೆ. ಹಾಗೆಂದು ಇದು ಕಾಣಸಿಗದ ವಸ್ತುವೇನಲ್ಲ. ಬಸ್ಸಿನಲ್ಲಿ ಐವತ್ತು ಮಂದಿ ವಯಸ್ಕರು ಕೂತಿದ್ದರೆ ಅವರಲ್ಲಿ ಎರಡು ಮೂರು ಮಂದಿಯ ಸೊಂಟದಲ್ಲಿ ಇದೇ ಜಾಗದಲ್ಲಿ ಇದೇ ಬಿರುಕು ಇರುವ ಸಂಭವವಿದೆ. ಹೆಚ್ಚಿನವರಿಗೆ ಅದು ಗೊತ್ತೇ ಇರುವುದಿಲ್ಲ. ಈ ಬಿರುಕಿಗೆ ಸ್ಪಾಂಡಿಲೋಲೈಸಿಸ್ ಎಂದು ಹೆಸರು. ಎರಡೂ ಬದಿ ಬಿರುಕು ಬಿಟ್ಟು, ಹಿಂದಿನ ಕೊಂಡಿ ತಪ್ಪಿದ ದಿಮ್ಮಿ ಮುಂದಕ್ಕೆ ಸರಿದರೆ ಅದು ಸ್ಪಾಂಡಿಲೋಲಿಸ್ತೆಸಿಸ್. ಸ್ಕ್ಯಾನ್ ವರದಿಯಲ್ಲಿ ‘ಗ್ರೇಡ್ 1 ಲಿಸ್ತೆಸಿಸ್’ ಎಂಬ ಸಾಲು ಓದಿ, ಮೂಳೆ ಜಾರಿದೆ, ಇನ್ನು ಮುಗಿಯಿತು ಎಂದು ನಿದ್ದೆಗೆಟ್ಟ ಮನೆಗಳು ನಮ್ಮಲ್ಲಿ ಕಡಿಮೆಯಿಲ್ಲ. ಆ ಭಯಕ್ಕೆ ಎಷ್ಟು ಆಧಾರವಿದೆ ಎಂಬುದನ್ನು ಲೆಕ್ಕಗಳೇ ಹೇಳುತ್ತವೆ.

ಮೊದಲ ದೊಡ್ಡ ಲೆಕ್ಕ ಬಂದದ್ದು ಮೂಳೆಗಳಿಂದಲೇ. 1950ರ ದಶಕದ ಆರಂಭದಲ್ಲಿ ರೋಚ್ ಮತ್ತು ರೋ ಎಂಬ ಸಂಶೋಧಕರು ಅಮೆರಿಕದ ಅಸ್ಥಿಸಂಗ್ರಹಗಳಲ್ಲಿದ್ದ 4,200 ಅಸ್ಥಿಪಂಜರಗಳನ್ನು ಒಂದೊಂದಾಗಿ ನೋಡಿದರು. ಶೇ 4.2ರಲ್ಲಿ ಬಿರುಕು ಸಿಕ್ಕಿತು. ಬಿಳಿಯ ಗಂಡಸರಲ್ಲಿ ಶೇ 6.4, ಬಿಳಿಯ ಹೆಂಗಸರಲ್ಲಿ ಶೇ 2.3, ಕಪ್ಪು ಗಂಡಸರಲ್ಲಿ ಶೇ 2.8, ಕಪ್ಪು ಹೆಂಗಸರಲ್ಲಿ ಶೇ 1.1. ಗಂಡಸರಲ್ಲಿ ಹೆಂಗಸರಿಗಿಂತ ಎರಡು ಮೂರು ಪಟ್ಟು ಹೆಚ್ಚು ಎಂಬ ಈ ಮಾತು ಆಮೇಲಿನ ಅಧ್ಯಯನಗಳಲ್ಲೂ ಬಹುಪಾಲು ನಿಂತಿದೆ. 2009ರಲ್ಲಿ ಜಪಾನಿನ ವೈದ್ಯರು ಬೇರೆ ಕಾರಣಕ್ಕೆ ಸಿ.ಟಿ. ಸ್ಕ್ಯಾನ್ ಮಾಡಿಸಿಕೊಂಡಿದ್ದ 2,000 ಮಂದಿಯ ಬೆನ್ನುಮೂಳೆ ಪರಿಶೀಲಿಸಿದಾಗ ಸಿಕ್ಕ ಪ್ರಮಾಣ ಶೇ 5.9. ಅದರಲ್ಲಿ ಹತ್ತಕ್ಕೆ ಒಂಬತ್ತು ಪಾಲು ಬಿರುಕುಗಳು ಎಲ್5ರಲ್ಲೇ ಇದ್ದವು. ಅದೇ ವರ್ಷ ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಅಧ್ಯಯನದ ಭಾಗವಾಗಿ ನಡೆದ ಸಿ.ಟಿ. ಪರೀಕ್ಷೆಯಲ್ಲಿ ಅದು ಶೇ 11.5ಕ್ಕೆ ಏರಿತು. ಮಾಮೂಲಿ ಎಕ್ಸ್‌ರೇಗೆ ಕಾಣದ ಬಿರುಕೂ ಸಿ.ಟಿ.ಗೆ ಕಾಣುತ್ತದೆ, ಏರಿಕೆಗೆ ಅದೂ ಒಂದು ಕಾರಣ. ಈ ಅಧ್ಯಯನದ ಇನ್ನೊಂದು ಫಲಿತಾಂಶ ಹೆಚ್ಚು ಮುಖ್ಯವಾದದ್ದು. ಬಿರುಕು ಇದ್ದವರಿಗೂ ಇಲ್ಲದವರಿಗೂ ಬೆನ್ನುನೋವಿನ ವಿಷಯದಲ್ಲಿ ಗಮನಾರ್ಹ ವ್ಯತ್ಯಾಸ ಸಿಗಲಿಲ್ಲ.

ಬಿರುಕು ಬಿಡುವ ಜಾಗ ಬಲು ಚಿಕ್ಕದು. ಕಶೇರುಕದ ಹಿಂಬದಿಯ ಕಮಾನಿನಲ್ಲಿ ಮೇಲಿನ ಕೀಲಿಗೂ ಕೆಳಗಿನ ಕೀಲಿಗೂ ನಡುವೆ ಒಂದು ಇಕ್ಕಟ್ಟಾದ ಮೂಳೆಯ ಪಟ್ಟಿಯಿದೆ. ವೈದ್ಯರು ಅದನ್ನು ಪಾರ್ಸ್ ಎನ್ನುತ್ತಾರೆ. ನಾವು ಹಿಂದಕ್ಕೆ ಬಾಗಿದಾಗ ಮೇಲಿನ ಎಲ್4ರ ಕೀಲು ಕೆಳಗಿಳಿಯುತ್ತದೆ, ಕೆಳಗಿನ ತ್ರಿಕಾಸ್ಥಿಯ ಕೀಲು ಅದಕ್ಕೆ ಎದುರಾಗುತ್ತದೆ, ನಡುವೆ ಎಲ್5ರ ಪಾರ್ಸ್ ಸಿಕ್ಕಿಕೊಳ್ಳುತ್ತದೆ. ಒಂದು ಸಲದ ಬಾಗುವಿಕೆಗೆ ಏನೂ ಆಗುವುದಿಲ್ಲ. ತಂತಿಯನ್ನು ಒಂದೇ ಜಾಗದಲ್ಲಿ ಹಿಂದೆ ಮುಂದೆ ಬಾಗಿಸುತ್ತಲೇ ಇದ್ದರೆ ಕೊನೆಗೊಮ್ಮೆ ತುಂಡಾಗುತ್ತದಲ್ಲ, ಹಾಗೆ ಸಾವಿರಾರು ಸಲ ಬಾಗಿದ ಮೇಲೆ ಅಲ್ಲಿ ಕೂದಲೆಳೆಯ ಬಿರುಕು ಮೂಡುತ್ತದೆ. ಅಂಗರಚನಾಶಾಸ್ತ್ರದಲ್ಲಿ ಪರಿಣತರಾದ ಕ್ಯಾರೊಲ್ ವಾರ್ಡ್ ಮತ್ತು ಬ್ರೂಸ್ ಲ್ಯಾಟಿಮರ್ 2005ರಲ್ಲಿ ಇನ್ನೊಂದು ಸೂಕ್ಷ್ಮ ಕಂಡರು. ಸೊಂಟದ ಕಶೇರುಕಗಳ ಕೀಲುಗಳ ನಡುವಿನ ಅಂತರ ಕೆಳಗೆ ಹೋದಂತೆ ಅಗಲವಾಗಬೇಕು. ಯಾರಲ್ಲಿ ಅದು ಸಾಕಷ್ಟು ಅಗಲವಾಗುವುದಿಲ್ಲವೋ ಅವರ ಎಲ್5 ಈ ಇಕ್ಕಳಕ್ಕೆ ಸುಲಭವಾಗಿ ಸಿಗುತ್ತದೆ. ಒಂದೇ ಕುಟುಂಬದ ಹಲವರಲ್ಲಿ ಬಿರುಕು ಕಾಣಿಸಿಕೊಳ್ಳುವುದಕ್ಕೆ ಮೂಳೆಯ ಇಂಥ ಆಕಾರಗಳೂ ಕಾರಣವಾಗಿರಬಹುದು.

ಮೂಳೆ ಡಬ್ಬದಿಂದ ಹುಟ್ಟಿದ ಕುತೂಹಲವನ್ನು ಹಿಂಬಾಲಿಸಿ ಹಳೆಯ ಪ್ರಬಂಧಗಳಿಗೆ ಇಳಿದವರಿಗೆ ಎದುರಾಗುವ ಹೆಸರು ಟಿ. ಡೇಲ್ ಸ್ಟೀವರ್ಟ್. ಈ ವಿಷಯದಲ್ಲಿ ಎಲ್ಲರಿಗಿಂತ ಹೆಚ್ಚು ಪ್ರೀತಿಗೆ ಅರ್ಹನಾದ ವಿದ್ವಾಂಸ ಆತ. 1924ರಲ್ಲಿ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಸ್ಥೆಯ ಮ್ಯೂಸಿಯಂಗೆ ಅಲೆಶ್ ಹರ್ಡ್ಲಿಚ್ಕಾ ಎಂಬ ಹಿರಿಯ ಮಾನವಶಾಸ್ತ್ರಜ್ಞನ ಕೈಕೆಳಗೆ ತಾತ್ಕಾಲಿಕ ಸಹಾಯಕನಾಗಿ ಸೇರಿದ ಹುಡುಗ, ಆಮೇಲೆ ವೈದ್ಯ ಪದವಿ ಪಡೆದು ಅದೇ ಮ್ಯೂಸಿಯಂನ ನಿರ್ದೇಶಕನಾಗುವವರೆಗೂ ಬೆಳೆದ. 1927ರಲ್ಲಿ ಅಲಾಸ್ಕಾಗೂ ಹೋಗಿಬಂದಿದ್ದ. ಅಲ್ಲಿನ ಮೂಲನಿವಾಸಿಗಳ ಅಸ್ಥಿಪಂಜರಗಳನ್ನು ಮ್ಯೂಸಿಯಂನ ಟ್ರೇಗಳಲ್ಲಿ ನೋಡುತ್ತಾ ಹೋದಾಗ ಆತನ ಗಮನ ಸೆಳೆದದ್ದು ಈ ಒಡೆದ ಕಶೇರುಕಗಳು. ಬೇರೆ ಜನಗಳಲ್ಲಿ ನೂರಕ್ಕೆ ಐದಾರು ಸಿಗುವ ಬಿರುಕು ಇಲ್ಲಿ ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಯಲ್ಲಿತ್ತು. ಯೂಕಾನ್ ನದಿಯ ಉತ್ತರದವರಲ್ಲಂತೂ ಇನ್ನೂ ಹೆಚ್ಚು. 1931ರಲ್ಲಿ ಆತ ಇದನ್ನು ಪ್ರಕಟಿಸಿದ.

ಆ ಕಾಲದ ವೈದ್ಯರ ಪೈಕಿ ಬಹಳ ಮಂದಿಗೆ ಇದು ಹುಟ್ಟಿನಿಂದ ಬರುವ ಊನ ಎಂಬ ನಂಬಿಕೆಯಿತ್ತು. ಗರ್ಭದಲ್ಲಿ ಮೂಳೆಯ ಎರಡು ಭಾಗಗಳು ಕೂಡಿಕೊಳ್ಳದೆ ಉಳಿದುಬಿಡುತ್ತವೆ ಎಂಬುದು ಅವರ ವಾದ. ಹಾಗಾದರೆ ಮಕ್ಕಳಲ್ಲೂ ಮುದುಕರಲ್ಲೂ ಬಿರುಕಿನ ಪ್ರಮಾಣ ಒಂದೇ ಇರಬೇಕು. ಸ್ಟೀವರ್ಟ್ ಮಾಡಿದ ಕೆಲಸ ಸರಳ, ಆದರೆ ತಾಳ್ಮೆ ಬೇಡುವಂಥದ್ದು. ಆತ ಅಲಾಸ್ಕಾದ ಅಸ್ಥಿಪಂಜರಗಳನ್ನು ವಯಸ್ಸಿನ ಪ್ರಕಾರ ಬೇರ್ಪಡಿಸಿದ. 1953ರಲ್ಲಿ ಪ್ರಕಟವಾದ ಆ ಲೆಕ್ಕದಲ್ಲಿ ಚಿಕ್ಕ ಮಕ್ಕಳಲ್ಲಿ ಬಿರುಕು ಕಡಿಮೆ, ಹರೆಯದವರಲ್ಲಿ ಹೆಚ್ಚು, ವಯಸ್ಕರಲ್ಲಿ ಇನ್ನೂ ಹೆಚ್ಚು. ಹುಟ್ಟಿನಿಂದ ಬಂದದ್ದು ವಯಸ್ಸಾದಂತೆ ಹೆಚ್ಚುವುದಿಲ್ಲ. ಬದುಕಿನಲ್ಲಿ ಗಳಿಸಿಕೊಂಡದ್ದು ಮಾತ್ರ ಹಾಗೆ ಹೆಚ್ಚುತ್ತದೆ. ಮಂಡಿ ಮಡಿಸದೆ ಕಾಲು ನೆಟ್ಟಗಿಟ್ಟು ಮುಂದಕ್ಕೆ ಬಗ್ಗಿ ಕೆಲಸ ಮಾಡುವ ರೂಢಿಯೇ ಮೂಳೆಯನ್ನು ದಣಿಸಿರಬೇಕು ಎಂದು ಆತ ಊಹಿಸಿದ.

ಆತ ತೋರಿಸಿದ ದಾರಿಯಲ್ಲಿ ಬೇರೆಯವರೂ ನಡೆದರು. ಆರ್ಕ್ಟಿಕ್ ಕೆನಡಾದ ಇನ್ಯುಯಿಟ್ ಅಸ್ಥಿಗಳನ್ನು ಚಾರ್ಲ್ಸ್ ಮೆರ್ಬ್ಸ್ ದಶಕಗಟ್ಟಲೆ ಅಭ್ಯಾಸ ಮಾಡಿ, ಹರೆಯದವರಲ್ಲಿ ಅರೆಬರೆ ಬಿದ್ದ ಬಿರುಕುಗಳನ್ನು ಗುರುತಿಸಿದರು. ಅವುಗಳಲ್ಲಿ ಕೆಲವು ಮುಂದೆ ತಾವಾಗಿಯೇ ಕೂಡಿಕೊಂಡಿರಬೇಕು ಎಂಬುದಕ್ಕೂ ಅವರಿಗೆ ಸುಳಿವು ಸಿಕ್ಕಿತು. ಪೆಸಿಫಿಕ್ ಸಾಗರದ ಗುವಾಮ್ ದ್ವೀಪದ ಪ್ರಾಚೀನ ಅಸ್ಥಿಗಳಲ್ಲಿ ಐವರಲ್ಲೊಬ್ಬರಿಗೆ ಬಿರುಕು ಇತ್ತೆಂದು 1997ರ ಒಂದು ಅಧ್ಯಯನ ಹೇಳಿತು. ಆ ಜನ ಮನೆಗಳಿಗೆ ಆಧಾರವಾಗಿ ನಿಲ್ಲಿಸುತ್ತಿದ್ದ ಲಾಟೆ ಎಂಬ ಭಾರಿ ಕಲ್ಲುಕಂಬಗಳನ್ನು ಎಳೆದದ್ದೇ ಕಾರಣವಿರಬಹುದೆಂಬ ವಿವರಣೆ ಕೇಳಲು ಸೊಗಸಾಗಿದೆ. ಆದರೆ ನೋಡಿದ ಅಸ್ಥಿಪಂಜರಗಳು ನಲವತ್ತೂ ಇರಲಿಲ್ಲ. ಅಷ್ಟು ಕಡಿಮೆ ಸಂಖ್ಯೆಯ ಮೇಲೆ ಒಂದು ಜನಾಂಗದ ದುಡಿಮೆಯ ಕಥೆ ಕಟ್ಟುವುದನ್ನು ಪೂರ್ತಿ ಒಪ್ಪುವುದು ಕಷ್ಟ.

ಈ ಮೂಳೆಗಳ ಹಿಂದೆ ನೋವಿನ ಇತಿಹಾಸವೂ ಇದೆ, ಅದನ್ನು ಮರೆಯುವ ಹಾಗಿಲ್ಲ. ಹರ್ಡ್ಲಿಚ್ಕಾ ಅಲಾಸ್ಕಾದಲ್ಲಿ ಸಮಾಧಿಗಳನ್ನು ಅಗೆದು ನೂರಾರು ಜನರ ಅಸ್ಥಿಗಳನ್ನು ಸಾಗಿಸಿದ್ದ. ಕೋಡಿಯಾಕ್ ದ್ವೀಪದ ಲಾರ್ಸೆನ್ ಬೇ ಗ್ರಾಮಸ್ಥರು ವರ್ಷಗಟ್ಟಲೆ ಹೋರಾಡಿ ತಮ್ಮ ಹಿರಿಯರ ಅಸ್ಥಿಗಳನ್ನು ಹಿಂದಕ್ಕೆ ಪಡೆದು 1991ರಲ್ಲಿ ಮತ್ತೆ ಮಣ್ಣು ಮಾಡಿದರು. ವಿಜ್ಞಾನಕ್ಕೆ ಸಿಕ್ಕ ತಿಳಿವಳಿಕೆಗೆ ಬೆಲೆ ತೆತ್ತವರು ಯಾರು ಎಂಬುದೂ ಈ ಲೆಕ್ಕದ ಭಾಗವೇ.

ಬಿರುಕು ಬದುಕಿನಲ್ಲಿ ಬರುತ್ತದೆ ಎಂಬುದಕ್ಕೆ ಜೀವಂತ ಜನರಿಂದಲೂ ಎರಡು ಸಾಕ್ಷ್ಯ ಸಿಕ್ಕಿದೆ. 1981ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಹುಟ್ಟಿದಂದಿನಿಂದ ನಡೆದೇ ಇರದ 143 ರೋಗಿಗಳ ಎಕ್ಸ್‌ರೇ ನೋಡಿದರು. ಒಬ್ಬರಲ್ಲೂ ಬಿರುಕಿರಲಿಲ್ಲ. ಸಾಮಾನ್ಯ ಪ್ರಮಾಣದಲ್ಲಿ ಎಂಟು ಮಂದಿಯಲ್ಲಾದರೂ ಇರಬೇಕಿತ್ತು. ನಮ್ಮ ಹತ್ತಿರದ ಬಂಧುಗಳಾದ ಚಿಂಪಾಂಜಿ, ಗೊರಿಲ್ಲಾಗಳಲ್ಲೂ ಇದು ಕಂಡುಬಂದಿಲ್ಲ. ಎರಡು ಕಾಲ ಮೇಲೆ ನೆಟ್ಟಗೆ ನಿಂತು, ಸೊಂಟದಲ್ಲಿ ಒಳಬಾಗು ಪಡೆದು ನಡೆಯುವ ಜೀವಿಗೆ ಮಾತ್ರ ಈ ಬಿರುಕು.

ಎರಡನೆಯ ಸಾಕ್ಷ್ಯ ಅಮೆರಿಕದ ಒಂದನೇ ತರಗತಿಯ ಮಕ್ಕಳದ್ದು. 1950ರ ದಶಕದ ಮಧ್ಯದಲ್ಲಿ 500 ಮಕ್ಕಳ ಸೊಂಟದ ಎಕ್ಸ್‌ರೇ ತೆಗೆದು ಅವರನ್ನು ದೊಡ್ಡವರಾಗುವವರೆಗೂ ಗಮನಿಸಲಾಯಿತು. ಆರನೇ ವಯಸ್ಸಿಗೆ ಶೇ 4.4, ವಯಸ್ಕರಾಗುವ ಹೊತ್ತಿಗೆ ಶೇ 6. ಬಿರುಕಿದ್ದ 30 ಮಂದಿಯ 45 ವರ್ಷಗಳ ಕಥೆ 2003ರಲ್ಲಿ ಪ್ರಕಟವಾಯಿತು. ಬೆನ್ನುಮೂಳೆಯ ವಿಷಯದಲ್ಲಿ ಇಷ್ಟು ಸಮಾಧಾನ ಕೊಡುವ ಪ್ರಬಂಧ ಅಪರೂಪ. ಒಂದೇ ಬದಿ ಬಿರುಕಿದ್ದವರಲ್ಲಿ ಯಾರಿಗೂ ಮೂಳೆ ಜಾರಿರಲಿಲ್ಲ. ಎರಡೂ ಬದಿ ಇದ್ದವರಲ್ಲಿ ಜಾರಿದ್ದರೂ ದಶಕದಿಂದ ದಶಕಕ್ಕೆ ಜಾರುವಿಕೆ ನಿಧಾನವಾಗುತ್ತಾ ಬಂದಿತ್ತು. ಎಷ್ಟು ಜಾರಿದೆ ಎಂಬುದಕ್ಕೂ ಎಷ್ಟು ನೋವಿದೆ ಎಂಬುದಕ್ಕೂ ತಾಳೆಯಾಗಲಿಲ್ಲ. ಒಟ್ಟಾರೆ ಅವರ ಬೆನ್ನಿನ ಆರೋಗ್ಯ ಉಳಿದ ಜನರಂತೆಯೇ ಇತ್ತು.

ಮೂಳೆ ಜಾರುವ ಇತಿಹಾಸ ಶುರುವಾಗುವುದು ಹೆರಿಗೆ ಮನೆಯಿಂದ. 1782ರಲ್ಲಿ ಬ್ರಸೆಲ್ಸ್‌ನ ಪ್ರಸೂತಿ ವೈದ್ಯ ಎರ್ಬಿನಿಯೊ, ತ್ರಿಕಾಸ್ಥಿಯ ಎದುರು ಮೂಳೆಯ ಉಬ್ಬೊಂದು ಮಗುವಿನ ದಾರಿಗೆ ಅಡ್ಡ ಬಂದದ್ದನ್ನು ದಾಖಲಿಸಿದ. 1854ರಲ್ಲಿ ಜರ್ಮನಿಯ ಕಿಲಿಯಾನ್ ಅದಕ್ಕೆ ಇಂದಿನ ಹೆಸರಿಟ್ಟ. 1932ರಲ್ಲಿ ಮೇಯೊ ಕ್ಲಿನಿಕ್‌ನ ಮೇಯರ್ಡಿಂಗ್ ಜಾರುವಿಕೆಯನ್ನು ಕಾಲು, ಅರ್ಧ, ಮುಕ್ಕಾಲು ಎಂದು ಅಳೆದು ನಾಲ್ಕು ಗ್ರೇಡ್ ಮಾಡಿದ. ಇವತ್ತಿನ ವರದಿಗಳಲ್ಲಿ ಬರುವ ಗ್ರೇಡ್ 1 ಎಂದರೆ ಮೂಳೆ ಕಾಲು ಭಾಗಕ್ಕಿಂತ ಕಡಿಮೆ ಸರಿದಿದೆ ಎಂದಷ್ಟೇ. ಬಹುಪಾಲು ಜನರದ್ದು ಅದೇ.

ಹಾಗಾದರೆ ಚಿಂತೆ ಮಾಡಬೇಕಾದವರು ಯಾರು? ಬಿರುಕು ಹೊಸದಾಗಿ ಬೀಳುತ್ತಿರುವ ಮಕ್ಕಳು, ಅದರಲ್ಲೂ ಮೈದಾನದಲ್ಲಿರುವವರು. ಸ್ಪೇನ್ ದೇಶದ 3,152 ಉನ್ನತ ಮಟ್ಟದ ಕ್ರೀಡಾಪಟುಗಳಲ್ಲಿ ಒಟ್ಟಾರೆ ಪ್ರಮಾಣ ಶೇ 8ರ ಆಸುಪಾಸು ಇದ್ದರೆ, ಜಿಮ್ನಾಸ್ಟ್‌ಗಳಲ್ಲಿ ಶೇ 17ರಷ್ಟಿತ್ತು, ಎಸೆತದ ಕ್ರೀಡೆಗಳವರಲ್ಲಿ ಶೇ 27ರಷ್ಟು. ನಮಗೆ ಹೆಚ್ಚು ಹತ್ತಿರದ್ದು ಕ್ರಿಕೆಟ್. ವೇಗದ ಬೌಲರ್ ಓಡಿ ಬಂದು ಮುಂದಿನ ಕಾಲು ಊರುವ ಕ್ಷಣದಲ್ಲಿ ಅವನ ಮೈಭಾರದ ಐದು ಪಟ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚಿನ ಬಲ ನೆಲದಿಂದ ಮೇಲಕ್ಕೆ ಏರುತ್ತದೆ. ಅದೇ ಕ್ಷಣ ಬೆನ್ನು ಹಿಂದಕ್ಕೆ ಬಾಗಿ, ಪಕ್ಕಕ್ಕೆ ವಾಲಿ, ತಿರುಚಿಕೊಂಡಿರುತ್ತದೆ. ಬಲಗೈ ಬೌಲರ್‌ಗೆ ಬಿರುಕು ಹೆಚ್ಚಾಗಿ ಎಡಬದಿಯಲ್ಲಿ ಬೀಳುವುದು ಇದರಿಂದಲೇ. 1989ರಲ್ಲಿ ಪಶ್ಚಿಮ ಆಸ್ಟ್ರೇಲಿಯಾದ 82 ಎಳೆಯ ವೇಗಿಗಳನ್ನು ಗಮನಿಸಿದ ಅಧ್ಯಯನದಲ್ಲಿ ಒಂದೇ ಋತುವಿನಲ್ಲಿ ಶೇ 11 ಮಂದಿಗೆ ಬೆನ್ನುಮೂಳೆಯ ಸ್ಟ್ರೆಸ್ ಫ್ರಾಕ್ಚರ್, ಅಂದರೆ ಮತ್ತೆ ಮತ್ತೆ ಬಿದ್ದ ಒತ್ತಡದಿಂದ ಮೂಡುವ ಬಿರುಕು, ಆಯಿತು. ಅತಿಯಾಗಿ ಬೌಲ್ ಮಾಡುವವರು, ಓಟದ ಕೊನೆಗೆ ಭುಜವನ್ನು ಹಿಂದಕ್ಕೆ ಬಹಳ ತಿರುಗಿಸುವವರು ಹೆಚ್ಚು ಅಪಾಯದಲ್ಲಿದ್ದರು.

ಆಸ್ಟ್ರೇಲಿಯಾದ ವೇಗಿ ಡೆನಿಸ್ ಲಿಲಿ 1973ರ ವೆಸ್ಟ್ ಇಂಡೀಸ್ ಪ್ರವಾಸದಲ್ಲಿ ಬೆನ್ನು ಮುರಿದುಕೊಂಡಾಗ ಕಥೆ ಮುಗಿಯಿತೆಂದೇ ಹಲವರು ಭಾವಿಸಿದ್ದರು. ಪರ್ತ್‌ನಲ್ಲಿ ಫ್ರಾಂಕ್ ಪೈಕ್ ಎಂಬ ಕ್ರೀಡಾವಿಜ್ಞಾನಿಯ ಕಣ್ಗಾವಲಿನಲ್ಲಿ ವ್ಯಾಯಾಮ ಮಾಡಿ ಮರಳಿದ ಲಿಲಿ 1974–75ರ ಆ್ಯಷಸ್ ಸರಣಿಯಲ್ಲಿ 25 ವಿಕೆಟ್ ಪಡೆದ. ಅದೇ ದೇಶದ ವೇಗಿ ಪ್ಯಾಟ್ ಕಮಿನ್ಸ್ 2011ರಲ್ಲಿ 18ನೇ ವಯಸ್ಸಿಗೆ ಜೊಹಾನೆಸ್‌ಬರ್ಗ್‌ನಲ್ಲಿ ಮೊದಲ ಟೆಸ್ಟ್ ಆಡಿ ಏಳು ವಿಕೆಟ್ ಕಿತ್ತರು. ಬೆನ್ನಿನ ಬಿರುಕುಗಳೂ ಸೇರಿ ಗಾಯದ ಮೇಲೆ ಗಾಯವಾಗಿ ಅವರ ಎರಡನೇ ಟೆಸ್ಟ್ 2017ರ ಮಾರ್ಚ್‌ನಲ್ಲಿ, ರಾಂಚಿಯಲ್ಲಿ ನಡೆಯಿತು.

ಕರ್ನಾಟಕದವರಿಗೆ ಇದರ ಅತ್ಯಂತ ಹತ್ತಿರದ ಮುಖ ಪ್ರಸಿದ್ಧ ಕೃಷ್ಣ. ಬೆಂಗಳೂರಿನ ಈ ಎತ್ತರದ ವೇಗಿ ಸೊಂಟದ ಸ್ಟ್ರೆಸ್ ಫ್ರಾಕ್ಚರ್‌ನಿಂದಾಗಿ 2022ರ ಉತ್ತರಾರ್ಧದಿಂದ ಮೈದಾನದ ಹೊರಗಿದ್ದು, 2023ರಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು, ಆ ವರ್ಷದ ಐಪಿಎಲ್ ಪೂರ್ತಿ ಕಳೆದುಕೊಂಡರು. 2019ರಿಂದಲೂ ಬೆನ್ನಿನ ಬಿರುಕು ಕಾಡುತ್ತಿದ್ದ ಜಸ್‌ಪ್ರೀತ್ ಬೂಮ್ರಾ ಅದೇ ವರ್ಷ ಮಾರ್ಚ್‌ನಲ್ಲಿ ನ್ಯೂಜಿಲೆಂಡಿನಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದರು. ಇಬ್ಬರೂ ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯಲ್ಲಿ ತಯಾರಾಗಿ, 2023ರ ಆಗಸ್ಟ್‌ನಲ್ಲಿ ಡಬ್ಲಿನ್ ಬಳಿಯ ಮಲಹೈಡ್‌ನಲ್ಲಿ ಐರ್ಲೆಂಡ್ ವಿರುದ್ಧ ಒಂದೇ ಟಿ20 ಪಂದ್ಯದಲ್ಲಿ ಮರಳಿದರು. ನಾಯಕನಾಗಿದ್ದ ಬೂಮ್ರಾ ಮೊದಲ ಓವರಿನಲ್ಲೇ ಎರಡು ವಿಕೆಟ್ ಪಡೆದರು, ಪ್ರಸಿದ್ಧ ತಮ್ಮ ಮೊದಲ ಅಂತರರಾಷ್ಟ್ರೀಯ ಟಿ20ಯಲ್ಲಿ ಎರಡು ವಿಕೆಟ್ ಪಡೆದರು. ಅವರ ಹಿಂದೆ ಸ್ಕ್ಯಾನ್, ಫಿಸಿಯೊ, ಶಸ್ತ್ರವೈದ್ಯ, ತಿಂಗಳುಗಳ ವಿಶ್ರಾಂತಿ ಎಲ್ಲವೂ ಇತ್ತು. ತಾಲ್ಲೂಕು ಮೈದಾನದಲ್ಲಿ ಬೆಳಿಗ್ಗೆ ಶಾಲಾ ತಂಡಕ್ಕೂ ಸಂಜೆ ಕ್ಲಬ್ಬಿಗೂ ಬೌಲ್ ಮಾಡುವ ಹದಿನೈದರ ಹುಡುಗನ ಹಿಂದೆ ಇವ್ಯಾವುದೂ ಇರುವುದಿಲ್ಲ. ಅವನಿಗೆ ಸಿಗುವುದು ನೋವಿನ ಸ್ಪ್ರೇ ಮತ್ತು ಸೊಂಟ ಉಳುಕಿರಬೇಕು ಎಂಬ ಸಮಾಧಾನ.

ಇದು ಬದಲಾಗಬೇಕು, ಏಕೆಂದರೆ ಆ ವಯಸ್ಸಿನಲ್ಲಿ ಬೇಗ ಗುರುತಿಸಿದರೆ ಮೂಳೆ ಮತ್ತೆ ಕೂಡಿಕೊಳ್ಳುತ್ತದೆ. ಪೂರ್ತಿ ಬಿರುಕು ಬಿಡುವ ಮುನ್ನವೇ ಮೂಳೆ ಬಾತುಕೊಂಡಿರುವುದು ಎಂಆರ್‌ಐನಲ್ಲಿ ಕಾಣುತ್ತದೆ. ಆ ಹಂತದಲ್ಲಿ ಮೂರು ತಿಂಗಳ ಆಸುಪಾಸು ಆಟ ನಿಲ್ಲಿಸಿ, ಆಮೇಲೆ ಹೊಟ್ಟೆ, ಬೆನ್ನಿನ ಸ್ನಾಯುಗಳನ್ನು ಬಲಪಡಿಸಿ, ಬೌಲಿಂಗನ್ನು ಹಂತ ಹಂತವಾಗಿ ಶುರು ಮಾಡಿದರೆ ಹೆಚ್ಚಿನವರು ಹಿಂದಿನಂತೆ ಆಡುತ್ತಾರೆ. ಅಂಚುಗಳು ನಯವಾಗುವವರೆಗೆ ಬಿಟ್ಟರೆ ಎಷ್ಟು ವಿಶ್ರಾಂತಿ ಕೊಟ್ಟರೂ ಆ ತುಂಡುಗಳು ಕೂಡುವುದಿಲ್ಲ.

ಇಳಿವಯಸ್ಸಿನ ಜಾರುವಿಕೆ ಬೇರೆಯೇ ಜಾತಿ. ಅಲ್ಲಿ ಕಮಾನು ಒಡೆದಿರುವುದಿಲ್ಲ. ಡಿಸ್ಕ್ ಕುಸಿದು, ಹಿಂದಿನ ಕೀಲುಗಳು ಸವೆದು, ಇಡೀ ಕಶೇರುಕವೇ ಮುಂದೆ ಸರಿಯುತ್ತದೆ. ಎಲ್5ರ ಬದಲು ಎಲ್4ರಲ್ಲಿ, ಗಂಡಸರ ಬದಲು ಹೆಂಗಸರಲ್ಲಿ ಹೆಚ್ಚು. ಕೋಪನ್‌ಹೇಗನ್‌ನಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಜನರ ಎಕ್ಸ್‌ರೇ ನೋಡಿದಾಗ ಗಂಡಸರಲ್ಲಿ ಶೇ 2.7, ಹೆಂಗಸರಲ್ಲಿ ಶೇ 8.4 ಸಿಕ್ಕಿತು. ಇಲ್ಲಿ ನರಗಳ ದಾರಿ ಕಿರಿದಾಗುವುದರಿಂದ ಸ್ವಲ್ಪ ದೂರ ನಡೆದರೆ ಕಾಲು ಸೆಳೆಯುತ್ತದೆ, ಕೂತರೆ ಅಥವಾ ಮುಂದಕ್ಕೆ ಬಾಗಿದರೆ ಹಗುರಾಗುತ್ತದೆ. ದೇವಸ್ಥಾನಕ್ಕೆ ಹೋಗುವ ದಾರಿಯಲ್ಲಿ ಎರಡೆರಡು ಸಲ ಕಟ್ಟೆ ಹುಡುಕಿ ಕೂರುವ ಅಜ್ಜಿಯ ನೋವನ್ನು ವಯಸ್ಸಿನ ಮೇಲೆ ಹಾಕಿ ಸುಮ್ಮನಾಗದೆ ಒಮ್ಮೆ ಪರೀಕ್ಷೆ ಮಾಡಿಸಬೇಕು. ಅವರಿಗೂ ಮೊದಲು ವ್ಯಾಯಾಮ, ಔಷಧ. ನಡೆಯುವುದೇ ಕಷ್ಟವಾದಾಗ ಮಾತ್ರ ಶಸ್ತ್ರಚಿಕಿತ್ಸೆಯ ಮಾತು.

ಮಧ್ಯವಯಸ್ಸಿನವರ ಸ್ಕ್ಯಾನಿನಲ್ಲಿ ಹಳೆಯ ಬಿರುಕೊಂದು ಕಂಡರೆ ಅದೇ ನೋವಿಗೆ ಕಾರಣ ಎಂದು ತಕ್ಷಣ ತೀರ್ಮಾನಿಸುವ ಹಾಗಿಲ್ಲ. ಅದು ಅವರ ಹತ್ತನೇ ವಯಸ್ಸಿನಿಂದಲೂ ಅಲ್ಲೇ ಇದ್ದಿರಬಹುದು. ಆದರೆ ಕಾಲಿನಲ್ಲಿ ಬಲ ಕುಂದುತ್ತಿದ್ದರೆ, ಕೂರುವ ಭಾಗ ಮರಗಟ್ಟಿದರೆ, ಮೂತ್ರ ಕಟ್ಟಿಕೊಂಡರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಮಕ್ಕಳ ವಿಷಯದಲ್ಲಿ ತಂದೆತಾಯಿಯರಿಗೂ ಕೋಚ್‌ಗಳಿಗೂ ಒಂದೇ ಕೋರಿಕೆ. ಹನ್ನೆರಡರಿಂದ ಇಪ್ಪತ್ತರೊಳಗಿನ ಆಟಗಾರ ಸೊಂಟನೋವು ಎಂದು ಹೇಳಿ, ಅದು ಹಿಂದಕ್ಕೆ ಬಾಗಿದಾಗ ಹೆಚ್ಚಾಗಿ, ಎರಡು ಮೂರು ವಾರವಾದರೂ ಹೋಗದಿದ್ದರೆ, ಬೌಲಿಂಗ್ ನಿಲ್ಲಿಸಿ ಮೂಳೆ ವೈದ್ಯರ ಬಳಿ ಕರೆದೊಯ್ಯಿರಿ. ಪಂದ್ಯ ಮುಂದಿನ ವರ್ಷವೂ ಇರುತ್ತದೆ.